ರೋಟರಿ ಎಂಜಿನ್‌ಗೆ ಬದಲಿ ನಾಕ್ ಸೆನ್ಸರ್ ಆರಿಸುವ ಬಗೆ

ನಾಕಿಂಗ್ ಎಂದರೆ ಎಂಜಿನ್‌ನೊಳಗಿನ ಇಂಧನ-ಗಾಳಿ ಮಿಶ್ರಣ ಕಿಡಿಯ ಜ್ವಾಲೆಗೆ ಕಾಯದೆ ತಾನಾಗಿ ಸಿಡಿಯುವುದು. ಪಿಸ್ಟನ್ ಎಂಜಿನ್ ಅದನ್ನು ಒಂದಷ್ಟು ಸಹಿಸಿಕೊಳ್ಳುತ್ತದೆ. ಏರಿನಲ್ಲಿ ಟಕಟಕ ಸದ್ದು ಕೇಳಿದ ಕೂಡಲೇ ಚಾಲಕ ಆಕ್ಸಿಲರೇಟರ್ ಸಡಿಲಿಸಿದರೆ ಸಾಮಾನ್ಯವಾಗಿ ಅನಾಹುತ ತಪ್ಪುತ್ತದೆ. ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವ, ಟರ್ಬೊ ಹೊತ್ತ ರೋಟರಿ ಎಂಜಿನ್‌ಗೆ ಅಷ್ಟು ತಾಳ್ಮೆ ಇಲ್ಲ. ರೋಟರ್‌ನ ಮೂರು ತುದಿಗಳಲ್ಲಿ ಕೂತಿರುವ ಏಪೆಕ್ಸ್ ಸೀಲ್‌ಗಳು 2 ಮಿಲಿಮೀಟರ್ ದಪ್ಪದ ಲೋಹದ ಪಟ್ಟಿಗಳು. ನಾಕಿಂಗ್‌ನ ಒತ್ತಡದ ಅಲೆ ಅವುಗಳಿಗೆ ಬಡಿದು ಒಂದು ಚೂರು ಮುರಿದರೂ ಸಾಕು, ಅದು ರೋಟರ್ ತಿರುಗುವ ಗೂಡಾದ ಹೌಸಿಂಗ್‌ನ ಕ್ರೋಮ್ ಲೇಪನವನ್ನು ಗೀರಿ, ಎಕ್ಸಾಸ್ಟ್ ಪೋರ್ಟ್ ಮೂಲಕ ಹೊರಬಿದ್ದು, ಹೋಗುವ ದಾರಿಯಲ್ಲಿ ಟರ್ಬೈನ್ ರೆಕ್ಕೆಗಳನ್ನೂ ಕೆಡಿಸಿಕೊಂಡು ಹೋಗುತ್ತದೆ. ಎಷ್ಟೋ ಸಲ ಚಾಲಕನ ಕಿವಿಗೆ ನಾಕಿಂಗ್ ಕೇಳಿಸುವುದೇ ಇಲ್ಲ. ಶಕ್ತಿ ಕುಸಿದು, ಐಡ್ಲಿಂಗ್ ತಡವರಿಸಿದಾಗಲೇ ವಿಷಯ ತಿಳಿಯುವುದು.

ಇಂಥ ಎಂಜಿನ್‌ನ ನಾಕ್ ಸೆನ್ಸರ್ ಕೆಟ್ಟಾಗ ಬಹಳ ಜನ ಮಾಡುವುದು ಒಂದೇ: ಫೋಟೊದಲ್ಲಿ ಹಳೆಯದರಂತೆಯೇ ಕಾಣುವ, ಅದೇ ತೂತಿಗೆ ಕೂರುವ ಅಗ್ಗದ ಇನ್ನೊಂದನ್ನು ತರಿಸುವುದು. ಅದು ಕೂರುತ್ತದೆ, ಎಚ್ಚರಿಕೆ ದೀಪವೂ ಆರುತ್ತದೆ. ಕೇಳಬೇಕಾದದ್ದನ್ನು ಅದು ಕೇಳುತ್ತಿದೆಯೇ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಾಕ್ ಸೆನ್ಸರ್ ತಾನಾಗಿ ಏನನ್ನೂ ತೀರ್ಮಾನಿಸದು. ಎಂಜಿನ್‌ನ ಕಂಪನವನ್ನು ವೋಲ್ಟೇಜ್ ಆಗಿ ಪರಿವರ್ತಿಸಿ ಕಳುಹಿಸುವುದಷ್ಟೇ ಅದರ ಕೆಲಸ. ಬಂದ ಸಂಕೇತದಲ್ಲಿ ನಾಕಿಂಗ್ ಯಾವುದು, ಬರೀ ಗದ್ದಲ ಯಾವುದು ಎಂದು ಬೇರ್ಪಡಿಸುವುದು ಇಸಿಯು, ಅಂದರೆ ಎಂಜಿನ್ ನಿಯಂತ್ರಣ ಕಂಪ್ಯೂಟರ್. ಆದ್ದರಿಂದ ಕಾರಿನ ಹೆಸರಿಗಿಂತ ಮೊದಲು ಅದರೊಳಗಿನ ಇಸಿಯು ಯಾವುದೆಂದು ನೋಡಿ ಸೆನ್ಸರ್ ಆರಿಸಬೇಕು. ಇದೊಂದನ್ನು ಹಿಡಿದುಕೊಂಡರೆ ಮಿಕ್ಕ ಗೊಂದಲಗಳಲ್ಲಿ ಅರ್ಧ ಕಳೆಯುತ್ತದೆ.

ಇಲ್ಲಿನ ಉದಾಹರಣೆಗಳೆಲ್ಲ ಮಜ್ದಾದ ಎರಡು ರೋಟರ್‌ಗಳ 13ಬಿ ಕುಟುಂಬದವು: 1985ರಲ್ಲಿ ಬಂದ ಎಫ್‌ಸಿ ಹಾಗೂ 1991ರಿಂದ 2002ರವರೆಗೆ ತಯಾರಾದ ಎಫ್‌ಡಿ ಪೀಳಿಗೆಯ ಆರ್‌ಎಕ್ಸ್-7 ಟರ್ಬೊಗಳು, ಮತ್ತು 2003ರಲ್ಲಿ ಬಂದ ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್.

ಕೆಟ್ಟಿರುವುದು ಸೆನ್ಸರೋ, ತಂತಿಯೋ?

ಹೊಸದನ್ನು ಹುಡುಕುವ ಮೊದಲು ಹಳೆಯದರ ಮೇಲಿನ ಆರೋಪ ನಿಜವೇ ಎಂದು ನೋಡಿ. ಆರ್‌ಎಕ್ಸ್-8ರಲ್ಲಿ ಪಿ0327 ಅಥವಾ ಪಿ0328 ಎಂಬ ದೋಷಸಂಕೇತ ಬರಬಹುದು. ಮೊದಲನೆಯದು ಸರ್ಕ್ಯೂಟ್‌ನಿಂದ ಬರುವ ಸಂಕೇತ ಇರಬೇಕಾದುದಕ್ಕಿಂತ ಕಡಿಮೆ ಎಂದು ಹೇಳುತ್ತದೆ, ಎರಡನೆಯದು ಹೆಚ್ಚು ಎನ್ನುತ್ತದೆ. ಹಳೆಯ ಆರ್‌ಎಕ್ಸ್-7ಗಳಲ್ಲಿ ದೀಪದ ಮಿಟುಕುಗಳನ್ನು ಎಣಿಸಿ ಓದುವ ಪದ್ಧತಿ. ಅಲ್ಲಿ ನಾಕ್ ಸೆನ್ಸರ್‌ನ ಸಂಖ್ಯೆ 05. ಇವೆಲ್ಲ ಸರ್ಕ್ಯೂಟ್‌ ಬಗೆಗಿನ ದೂರುಗಳು. ಸರ್ಕ್ಯೂಟ್ ಎಂದರೆ ಸೆನ್ಸರ್, ಕನೆಕ್ಟರ್, ತಂತಿ, ಅದನ್ನು ಸುತ್ತುವರಿದು ಗದ್ದಲ ತಡೆಯುವ ಲೋಹದ ಶೀಲ್ಡ್, ಇಸಿಯು ಪಿನ್ ಎಲ್ಲವೂ ಸೇರಿ. ಎಫ್‌ಡಿಯ ಬಾನೆಟ್ ಕೆಳಗಿನ ಶಾಖ ಕುಖ್ಯಾತ. ಅಲ್ಲಿ ವರ್ಷಗಟ್ಟಲೆ ಬೆಂದ ತಂತಿಯ ಹೊದಿಕೆ ಬಾಗಿಸಿದರೆ ಪುಡಿಯಾಗುತ್ತದೆ, ಕನೆಕ್ಟರ್‌ನ ಪ್ಲಾಸ್ಟಿಕ್ ಕೊಕ್ಕೆ ಮುಟ್ಟಿದರೆ ಮುರಿಯುತ್ತದೆ. ನನ್ನನ್ನು ಕೇಳಿದರೆ ಮೊದಲ ಶಂಕೆ ತಂತಿಯ ಮೇಲೇ ಇರಲಿ.

ಬ್ಯಾಟರಿ ಬಿಚ್ಚಿ, ಇಸಿಯು ಕಡೆಯ ಮತ್ತು ಸೆನ್ಸರ್ ಕಡೆಯ ಕನೆಕ್ಟರ್‌ಗಳನ್ನು ಕಳಚಿ, ಮಲ್ಟಿಮೀಟರ್‌ನಿಂದ ತಂತಿ ಈ ತುದಿಯಿಂದ ಆ ತುದಿವರೆಗೆ ತುಂಡಾಗದೆ ಇದೆಯೇ, ಎಲ್ಲಾದರೂ ಗ್ರೌಂಡ್‌ಗೆ ತಾಗುತ್ತಿದೆಯೇ ಎಂದು ಪರೀಕ್ಷಿಸಿ. ಅಳೆಯುವಾಗ ತಂತಿಯನ್ನು ಅಲ್ಲಲ್ಲಿ ಮೆಲ್ಲಗೆ ಅಲುಗಾಡಿಸಿ. ಸುಮ್ಮನಿದ್ದಾಗ ಸರಿ ತೋರಿಸುವ ತಂತಿ ಅಲುಗಿದಾಗ ಗುಟ್ಟು ಬಿಟ್ಟುಕೊಡುತ್ತದೆ.

ಸೆನ್ಸರ್‌ನ ಪ್ರತಿರೋಧವನ್ನು ಅಳೆದು ತೀರ್ಪು ಕೊಡುವವರು ಸ್ವಲ್ಪ ನಿಧಾನಿಸಬೇಕು. ಕೆಲವು ಸೆನ್ಸರ್‌ಗಳ ಒಳಗೆ ಸರ್ಕ್ಯೂಟ್ ಪರೀಕ್ಷೆಗಾಗಿಯೇ ಒಂದು ರೆಸಿಸ್ಟರ್ ಇರುತ್ತದೆ, ಅವು ನೂರಾರು ಕಿಲೋಓಮ್ ತೋರಿಸುತ್ತವೆ. ಬಾಷ್‌ನ ಚಪ್ಪಟೆ ಸೆನ್ಸರ್‌ನಂಥವು 1 ಮೆಗಾಓಮ್‌ಗಿಂತ ಮೇಲೆ ತೋರಿಸುತ್ತವೆ. ಸಾಧಾರಣ ಮೀಟರ್‌ನಲ್ಲಿ ತಂತಿ ತುಂಡಾದಂತೆಯೇ ಕಾಣುತ್ತದೆ. ನಿಮ್ಮ ಮಾದರಿಯ ವರ್ಕ್‌ಷಾಪ್ ಕೈಪಿಡಿಯಲ್ಲಿ ಕೊಟ್ಟ ಅಂಕಿಯೊಂದಿಗೆ ಹೋಲಿಸದೆ ಈ ಓದಿಗೆ ಅರ್ಥವಿಲ್ಲ.

ಇದಕ್ಕಿಂತ ನಂಬಲರ್ಹವಾದದ್ದು ತಟ್ಟಿ ನೋಡುವ ಪರೀಕ್ಷೆ. ಸೆನ್ಸರ್ ಎಂಜಿನ್‌ನಲ್ಲಿ ಬಿಗಿಯಾಗಿ ಕೂತಿರುವಾಗಲೇ ಅದರ ತಂತಿಗಳಿಗೆ ಆಸಿಲೋಸ್ಕೋಪ್ ಜೋಡಿಸಿ, ಪಕ್ಕದ ಹೌಸಿಂಗ್ ಮೇಲೆ ಒಂದು ಸಾಕೆಟ್ ಎಕ್ಸ್‌ಟೆನ್ಷನ್ ಊರಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಪ್ರತಿ ಏಟಿಗೂ ಥಟ್ಟನೆ ಎದ್ದು ಕ್ರಮೇಣ ಇಳಿಯುವ ಅಲೆಗಳ ಗೊಂಚಲು ಪರದೆಯ ಮೇಲೆ ಮೂಡಬೇಕು. ಆಸಿಲೋಸ್ಕೋಪ್ ಇಲ್ಲದವರು ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಅಂಕಿ ಜಿಗಿಯುತ್ತದೆಯೇ ಎಂದಷ್ಟು ನೋಡಬಹುದು. ಸೆನ್ಸರ್ ಮೇಲೆಯೇ ಹೊಡೆಯಬೇಡಿ. ಒಳಗಿರುವುದು ಒತ್ತಡ ಬಿದ್ದರೆ ವೋಲ್ಟೇಜ್ ಹುಟ್ಟಿಸುವ ಪೀಜೊ ಸೆರಾಮಿಕ್ ಬಿಲ್ಲೆ, ಬಿರುಕು ಬಿಟ್ಟರೆ ಮುಗಿಯಿತು.

ದೋಷಸಂಕೇತವೇ ಇಲ್ಲದೆ ಇಸಿಯು ಮತ್ತೆ ಮತ್ತೆ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ತಳ್ಳುತ್ತಿದ್ದರೆ, ಅಂದರೆ ಕಿಡಿಯನ್ನು ತಡವಾಗಿ ಹಾರಿಸುತ್ತಿದ್ದರೆ, ಸೆನ್ಸರ್ ನಿಜ ಹೇಳುತ್ತಿರುವ ಸಾಧ್ಯತೆಯೇ ಹೆಚ್ಚು. ಆಗ ನೋಡಬೇಕಾದದ್ದು ಇಂಧನ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಒಳಹೋಗುವ ಗಾಳಿಯ ತಾಪಮಾನ, ಇಂಜೆಕ್ಟರ್‌ಗಳ ಸ್ಥಿತಿ. ಕಂಪ್ರೆಷನ್ ಕೂಡ ಒಮ್ಮೆ ಪರೀಕ್ಷಿಸಿ. ಒಂದು ರೋಟರ್‌ನ ಮೂರು ಮುಖಗಳಿಂದ ಮೂರು ಮಿಡಿತಗಳು ಬರುತ್ತವೆ. ಅವುಗಳಲ್ಲಿ ಎರಡು ಸೊರಗಿ ಒಂದೇ ಗಟ್ಟಿಯಾಗಿದ್ದರೆ ಆ ಎರಡು ಮುಖಗಳ ನಡುವಿನ ಏಪೆಕ್ಸ್ ಸೀಲ್ ಹೋಗಿದೆ ಎಂದೇ ತಿಳಿಯಬೇಕು. ಆ ಹಂತದಲ್ಲಿ ಸೆನ್ಸರ್ ಕೊಳ್ಳುವ ಹಣವನ್ನು ಎಂಜಿನ್ ಬಿಚ್ಚಲು ಉಳಿಸಿಕೊಳ್ಳಿ.

ಸೆನ್ಸರ್ ತೆಗೆದು ಅದರ ಜಾಗದಲ್ಲಿ ಒಂದು ರೆಸಿಸ್ಟರ್ ಸಿಕ್ಕಿಸಿ ದೀಪ ಆರಿಸುವ ಕೈಚಳಕವೂ ಚಾಲ್ತಿಯಲ್ಲಿದೆ. ಟರ್ಬೊ ರೋಟರಿಯಲ್ಲಿ ಅದನ್ನು ಮಾಡುವವರಿಗೆ ಈ ಲೇಖನದ ಮುಂದಿನ ಭಾಗ ಬೇಕಾಗಿಲ್ಲ.

ಎರಡು ಬಗೆ, ಎರಡು ಸ್ವಭಾವ

ನಾಕ್ ಸೆನ್ಸರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಅನುರಣನದ ಬಗೆ. ಇದರೊಳಗಿನ ಪೀಜೊ ಬಿಲ್ಲೆಯನ್ನು ಒಂದು ನಿರ್ದಿಷ್ಟ ಆವರ್ತನಕ್ಕೆ ಶ್ರುತಿಗೊಳಿಸಿರುತ್ತಾರೆ. ಆ ಆವರ್ತನದ ಆಸುಪಾಸಿನ ಕಂಪನಕ್ಕೆ ಅದು ಜೋರಾಗಿ ಸ್ಪಂದಿಸುತ್ತದೆ, ಉಳಿದದ್ದನ್ನು ಹೆಚ್ಚುಕಡಿಮೆ ಉಪೇಕ್ಷಿಸುತ್ತದೆ. ಸಾಮಾನ್ಯವಾಗಿ ಇದರ ತಳದಲ್ಲಿ ಥ್ರೆಡ್ ಇದ್ದು, ಎಂಜಿನ್‌ಗೆ ನೇರವಾಗಿ ತಿರುಗಿಸಿ ಕೂರಿಸುವಂತಿರುತ್ತದೆ. ಹೆಚ್ಚಿನವಕ್ಕೆ ಒಂದೇ ತಂತಿ, ಮರಳುವ ದಾರಿ ಎಂಜಿನ್‌ನ ಲೋಹವೇ. ಎಫ್‌ಸಿ, ಎಫ್‌ಡಿ ಟರ್ಬೊಗಳಲ್ಲಿ ಕಾರ್ಖಾನೆಯಿಂದ ಬಂದದ್ದು ಈ ಜಾತಿಯದು.

ಇನ್ನೊಂದು ಚಪ್ಪಟೆ ಬಗೆ. ನಡುವೆ ತೂತಿರುವ ದಪ್ಪ ಉಂಗುರದ ಆಕಾರ, ತೂತಿನ ಮೂಲಕ ಬೋಲ್ಟ್ ಹಾಯಿಸಿ ಬಿಗಿಯುವುದು, ಎರಡು ತಂತಿ. ಇದರ ಸ್ವಂತ ಅನುರಣನ 25 ಕಿಲೋಹರ್ಟ್ಸ್‌ಗಿಂತಲೂ ಮೇಲೆ ಇರುವುದರಿಂದ, ಕೆಳಗಿನ ವಿಶಾಲ ವ್ಯಾಪ್ತಿಯಲ್ಲಿ ಯಾವ ಆವರ್ತನಕ್ಕೂ ಪಕ್ಷಪಾತವಿಲ್ಲದೆ ಸ್ಪಂದಿಸುತ್ತದೆ. ಅಂದರೆ ಎಂಜಿನ್‌ನ ಎಲ್ಲ ಗದ್ದಲವನ್ನೂ ಹೊತ್ತು ತಂದು ಇಸಿಯು ಮುಂದೆ ಸುರಿಯುತ್ತದೆ. ಸೋಸುವ ಕೆಲಸ ಇಸಿಯುದು. ಆರ್‌ಎಕ್ಸ್-8ರಲ್ಲಿರುವುದು ಬೋಲ್ಟ್ ಹಾಕಿ ಬಿಗಿಯುವ ಈ ಜಾತಿ.

ತಟ್ಟಿ ನೋಡುವ ಪರೀಕ್ಷೆಯನ್ನು ಎರಡರ ಮೇಲೂ ಮಾಡಿದರೆ ವ್ಯತ್ಯಾಸ ಪರದೆಯ ಮೇಲೆ ಎದ್ದು ಕಾಣುತ್ತದೆ. ಚಪ್ಪಟೆ ಸೆನ್ಸರ್‌ನ ಅಲೆ ಹೌಸಿಂಗ್ ಹೇಗೆ ಕಂಪಿಸಿತೋ ಹಾಗೆ, ಮುಳ್ಳುಮುಳ್ಳಾಗಿ, ಬೇಗ ಅಡಗುತ್ತದೆ. ಅನುರಣನದ ಸೆನ್ಸರ್‌ನದು ನಯವಾದ, ಒಂದೇ ಅಳತೆಯ ಅಲೆಗಳ ಸಾಲು, ಸಾವಕಾಶವಾಗಿ ಕರಗುತ್ತದೆ. ತಾನು ಶ್ರುತಿಗೊಂಡ ಸ್ವರವನ್ನು ಅದು ತಾನೇ ಗುನುಗುತ್ತಿರುತ್ತದೆ. ಆ ಸಾಲಿನ ಅಕ್ಕಪಕ್ಕದ ಎರಡು ಅಲೆಗಳ ನಡುವಿನ ಅಂತರ ಅಳೆದರೆ ನಿಮ್ಮ ಹಳೆಯ ಸೆನ್ಸರ್ ಯಾವ ಆವರ್ತನದ್ದೆಂದು ಅಂದಾಜು ಸಿಗುತ್ತದೆ. ಬಿಡಿಭಾಗದ ಸಂಖ್ಯೆ ಅಳಿಸಿಹೋಗಿದ್ದಾಗ ಇದು ಬಹಳ ಉಪಯೋಗಕ್ಕೆ ಬರುವ ಮಾಹಿತಿ.

ಕಾರ್ಖಾನೆಯ ಇಸಿಯು ಇದ್ದರೆ

ಇಲ್ಲಿ ಆಯ್ಕೆಗೆ ಹೆಚ್ಚು ಜಾಗವಿಲ್ಲ, ಇರಲೂಬಾರದು. ಕಾರ್ಖಾನೆಯ ಇಸಿಯು, ಎಫ್‌ಸಿ ಟರ್ಬೊದಲ್ಲಾದರೆ ಅದರ ಪ್ರತ್ಯೇಕ ನಾಕ್ ನಿಯಂತ್ರಣ ಪೆಟ್ಟಿಗೆ, ಒಂದು ನಿರ್ದಿಷ್ಟ ಸೆನ್ಸರ್‌ನ ಸಂವೇದನೆಗೆ ಹೊಂದಿಸಿಯೇ ತಯಾರಾದದ್ದು. ಎಷ್ಟು ಮಿಲಿವೋಲ್ಟ್ ಬಂದರೆ ನಾಕಿಂಗ್ ಎಂಬ ಗಡಿ ಅದರೊಳಗೆ ಬರೆದಿದೆ, ನೀವು ತಿದ್ದಲಾಗದು. ಹೆಚ್ಚು ಸೂಕ್ಷ್ಮವಾದ ಸೆನ್ಸರ್ ಹಾಕಿದರೆ ಇಲ್ಲದ ನಾಕಿಂಗ್‌ಗೆ ಹೆದರಿ ಇಸಿಯು ಟೈಮಿಂಗ್ ಹಿಂದೆಳೆಯುತ್ತದೆ. ಎಕ್ಸಾಸ್ಟ್ ಅನಿಲ ಮೊದಲೇ ಬಿಸಿಯಿರುವ ರೋಟರಿಯಲ್ಲಿ ಟೈಮಿಂಗ್ ತಡವಾದಷ್ಟೂ ಆ ಶಾಖ ಇನ್ನಷ್ಟು ಏರುತ್ತದೆ. ಮಂದ ಸೆನ್ಸರ್ ಹಾಕಿದರೆ ನಾಕಿಂಗ್ ಬಂದರೂ ಇಸಿಯು ನೆಮ್ಮದಿಯಾಗಿರುತ್ತದೆ. ಎರಡರಲ್ಲಿ ಕೆಟ್ಟದ್ದು ಯಾವುದೆಂದು ಹೇಳಬೇಕಾಗಿಲ್ಲ.

ಆದ್ದರಿಂದ ಅದೇ ಮಾದರಿಯ, ಅದೇ ವರ್ಷದ, ಅದೇ ಸಂಖ್ಯೆಯ ಸೆನ್ಸರ್ ಹುಡುಕಿ. ಮಜ್ದಾದ ಬಿಡಿಭಾಗ ಸಂಖ್ಯೆ ಮೂರು ತುಂಡುಗಳಲ್ಲಿರುತ್ತದೆ. ನಾಕ್ ಸೆನ್ಸರ್‌ನಲ್ಲಿ ಕೊನೆಯ ಎರಡು ತುಂಡುಗಳು 18-921 ಎಂದಿರುತ್ತವೆ, ಮೊದಲ ತುಂಡು ಯಾವ ಎಂಜಿನ್‌ನದೆಂದು ಹೇಳುತ್ತದೆ. ಹೀಗಾಗಿ 18-921 ಎಂಬುದನ್ನು ನೋಡಿ ಹಿಗ್ಗಬಾರದು. ಕಂಪನಿಯ ನಾಲ್ಕು ಸಿಲಿಂಡರ್ ಕಾರುಗಳ ನಾಕ್ ಸೆನ್ಸರ್ ಮೇಲೂ ಅದೇ ಇರುತ್ತದೆ. ಮೊದಲ ನಾಲ್ಕು ಅಕ್ಷರಗಳು ನಿಮ್ಮದಕ್ಕೆ ಹೊಂದಬೇಕು. ಕೊನೆಗೆ ಎ, ಬಿ ಎಂದು ಬಾಲ ಸೇರಿದ್ದರೆ ಅದು ಸಾಮಾನ್ಯವಾಗಿ ಪರಿಷ್ಕೃತ ಆವೃತ್ತಿಯ ಗುರುತು. ಹಳೆಯ ಸಂಖ್ಯೆಯ ಬದಲಿಗೆ ಬಂದದ್ದೇ ಎಂದು ಬಿಡಿಭಾಗಗಳ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ.

ಹಳೆಯ ಆರ್‌ಎಕ್ಸ್-7ಗಳ ಬಿಡಿಭಾಗಗಳನ್ನು ಮಜ್ದಾ ಮತ್ತೆ ತಯಾರಿಸುವುದಾಗಿ 2020ರ ಕೊನೆಯಲ್ಲಿ ಘೋಷಿಸಿತು. ಎಫ್‌ಸಿ, ಎಫ್‌ಡಿ ಮಾಲೀಕರು ಬೇರೆ ಕಡೆ ಅಲೆಯುವ ಮೊದಲು ಆ ಪಟ್ಟಿಯ ಮೇಲೆ ಕಣ್ಣಾಡಿಸುವುದು ಲೇಸು. ಕಳಚಿದ ಕಾರಿನಿಂದ ಬಂದ ಹಳೆಯ ಸೆನ್ಸರ್ ಕೊನೆಯ ಆಯ್ಕೆ. ತೆಗೆದುಕೊಳ್ಳಲೇಬೇಕಾದರೆ ಕನೆಕ್ಟರ್‌ನ ಬುಡದಲ್ಲಿ ಕೂದಲೆಳೆಯ ಬಿರುಕು ಇದೆಯೇ, ಷಡ್ಭುಜದ ಮೂಲೆಗಳು ಪಾನಾ ಜಾರಿ ಸವೆದಿವೆಯೇ ಎಂದು ನೋಡಿ. ಮೂಲೆ ಸವೆದಿದೆ ಎಂದರೆ ಯಾರೋ ಅದರೊಂದಿಗೆ ಕುಸ್ತಿ ಆಡಿದ್ದಾರೆ ಎಂದರ್ಥ. ಒಳಗಿನ ಸೆರಾಮಿಕ್‌ಗೂ ಅದರ ಪಾಲು ಸಿಕ್ಕಿರುತ್ತದೆ.

ಬೇರೆ ಇಸಿಯು ಹಾಕಿಸಿದ್ದರೆ

ಎಫ್‌ಡಿಗಳಲ್ಲಿ ಬಹಳ ಕಾಲದಿಂದ ಜನಪ್ರಿಯವಾಗಿರುವ ಪವರ್ ಎಫ್‌ಸಿ ಎಂಬ ಬದಲಿ ಇಸಿಯು (ಹೆಸರಿನ ಎಫ್‌ಸಿಗೂ ಎಫ್‌ಸಿ ಪೀಳಿಗೆಯ ಕಾರಿಗೂ ನಂಟಿಲ್ಲ) ಕಾರಿನ ಮೂಲ ತಂತಿಜಾಲಕ್ಕೇ ಜೋಡಣೆಯಾಗುತ್ತದೆ, ಮೂಲ ಸೆನ್ಸರ್‌ನಿಂದಲೇ ಕೇಳುತ್ತದೆ. ಹಾಗಾಗಿ ಸೆನ್ಸರ್ ಆಯ್ಕೆಯ ಮಟ್ಟಿಗೆ ಅದೂ ಕಾರ್ಖಾನೆಯ ಇಸಿಯು ಇದ್ದಂತೆಯೇ. ಅದರ ಪರದೆಯಲ್ಲಿ ಕಾಣುವ ನಾಕ್ ಅಂಕಿಗೆ ಯಾವ ಅಳತೆಮಾನವೂ ಇಲ್ಲ, ಅದು ನಾಕಿಂಗ್‌ಗಳ ಎಣಿಕೆಯೂ ಅಲ್ಲ. ಒಂದೇ ಕಾರಿನಲ್ಲಿ, ಒಂದೇ ಸೆನ್ಸರ್‌ನಲ್ಲಿ, ನಿನ್ನೆಯ ಅಂಕಿಯೊಡನೆ ಇಂದಿನದನ್ನು ಹೋಲಿಸಲಷ್ಟೇ ಅದು ಉಪಯುಕ್ತ. ಇನ್ನೊಬ್ಬರ ಕಾರಿನ ಅಂಕಿ ನಿಮಗೆ ಏನನ್ನೂ ಹೇಳದು.

ಹಾಲ್ಟೆಕ್, ಲಿಂಕ್, ಮೋಟೆಕ್‌ನಂಥ ಕಂಪನಿಗಳ ಸ್ವತಂತ್ರ ಇಸಿಯುಗಳ ಕತೆ ಬೇರೆ. ಇವುಗಳಲ್ಲಿ ನಾಕ್ ಸಂಸ್ಕರಣೆ ಇರುವ ಮಾದರಿಗಳು ಆವರ್ತನವನ್ನು ನೀವೇ ಆರಿಸಲು ಬಿಡುತ್ತವೆ. ಅಂಥ ಇಸಿಯುಗೆ ಅನುರಣನದ ಹಳೆಯ ಸೆನ್ಸರ್ ಜೋಡಿಸಿದರೆ ಆ ಸೌಲಭ್ಯ ವ್ಯರ್ಥ: ಸೆನ್ಸರ್ ಆಗಲೇ ಒಂದೇ ಸ್ವರವನ್ನು ಆರಿಸಿ ಕಳುಹಿಸಿರುತ್ತದೆ, ಬೇರೆ ಸ್ವರ ಹುಡುಕಿದರೂ ಸಿಗದು. ಇಲ್ಲಿ ಚಪ್ಪಟೆ ಬಗೆಯೇ ಸರಿಯಾದ ಆಯ್ಕೆ, ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಖರೀದಿಗೆ ಮುನ್ನ ಇಸಿಯು ಕೈಪಿಡಿಯಲ್ಲಿ ಮೂರು ಸಂಗತಿ ನೋಡಿಕೊಳ್ಳಿ: ನಾಕ್ ಇನ್‌ಪುಟ್‌ಗಳು ಎಷ್ಟಿವೆ, ಅವು ಎರಡು ತಂತಿಯ ಸೆನ್ಸರ್ ಬಯಸುತ್ತವೆಯೋ ಒಂದು ತಂತಿಯದೋ, ಮತ್ತು ನಾಕಿಂಗ್ ಕಂಡಾಗ ಇಸಿಯು ತಾನೇ ಟೈಮಿಂಗ್ ಇಳಿಸುತ್ತದೆಯೋ ಬರೀ ದಾಖಲಿಸಿಕೊಳ್ಳುತ್ತದೆಯೋ. ಸಂಕೇತ ಓದುತ್ತಿದೆ ಎಂದ ಮಾತ್ರಕ್ಕೆ ರಕ್ಷಣೆ ಕೊಡುತ್ತಿದೆ ಎಂದುಕೊಂಡು ಎಂಜಿನ್ ಕಳೆದುಕೊಳ್ಳುವುದು ಸುಲಭ.

ಆವರ್ತನದ ಪ್ರಶ್ನೆಗೆ ಪಿಸ್ಟನ್ ಎಂಜಿನ್‌ನವರ ಬಳಿ ಸಿದ್ಧ ಸೂತ್ರವಿದೆ. 1800 ಅನ್ನು ಸಿಲಿಂಡರ್ ವ್ಯಾಸದ ಮಿಲಿಮೀಟರ್ ಮತ್ತು ಪೈ ಗುಣಲಬ್ಧದಿಂದ ಭಾಗಿಸಿದರೆ ಕಿಲೋಹರ್ಟ್ಸ್‌ನಲ್ಲಿ ಉತ್ತರ. 86 ಮಿಲಿಮೀಟರ್ ವ್ಯಾಸಕ್ಕೆ ಸುಮಾರು 6.7 ಬರುತ್ತದೆ. ಈ ಸೂತ್ರ ನಿಂತಿರುವುದು ದುಂಡನೆಯ ದಹನಕೋಣೆಯೊಳಗೆ ಒತ್ತಡದ ಅಲೆ ಅತ್ತಿತ್ತ ತೂಗುವ ರೀತಿಯ ಮೇಲೆ. ರೋಟರಿಯಲ್ಲಿ ಸಿಲಿಂಡರ್ ಎಲ್ಲಿದೆ? ಅದರ ದಹನಕೋಣೆ ಉದ್ದನೆಯ, ಕಿರಿದಾದ, ಚಲಿಸುತ್ತಾ ಆಕಾರ ಬದಲಿಸುವ ಜಾಗ. 13ಬಿಯ ಹೌಸಿಂಗ್ ಅಗಲ 80 ಮಿಲಿಮೀಟರ್ ಎಂದು ಅದನ್ನೇ ವ್ಯಾಸದ ಜಾಗಕ್ಕೆ ಹಾಕಿ 7.2 ಕಿಲೋಹರ್ಟ್ಸ್ ಎಂದು ಬರೆದುಕೊಳ್ಳುವವರಿದ್ದಾರೆ. ಆ ಲೆಕ್ಕಕ್ಕೆ ಆಧಾರವಿಲ್ಲ. ಕೋಣೆಯ ಉದ್ದಕ್ಕೆ ಹಾಯುವ ಅಲೆ ಕಡಿಮೆ ಆವರ್ತನದ್ದು, ಅಗಲಕ್ಕೆ ಹಾಯುವುದು ಅದಕ್ಕಿಂತ ಹೆಚ್ಚಿನದು, ಎರಡೂ ಒಟ್ಟಿಗೆ ಇರುತ್ತವೆ. ರೋಟರಿಗೆ ಚಪ್ಪಟೆ ಸೆನ್ಸರ್ ಒಪ್ಪುವುದು ಇದಕ್ಕೇ. ಕಚ್ಚಾ ಸಂಕೇತವನ್ನು ದಾಖಲಿಸಿ, ಆವರ್ತನ ವಿಶ್ಲೇಷಣೆ ಮಾಡಿ, ಎಂಜಿನ್‌ನ ಸಹಜ ಗದ್ದಲ ಕಡಿಮೆಯಿರುವ ಪಟ್ಟಿಯನ್ನು ಕಣ್ಣಾರೆ ನೋಡಿ ಆರಿಸಬಹುದು. ರೋಟರಿ ಎಂಜಿನ್‌ಗಳನ್ನೇ ಟ್ಯೂನ್ ಮಾಡಿ ಪಳಗಿದವರು ತಮ್ಮ ದಾಖಲೆ ತೋರಿಸಿ ಒಂದು ಆವರ್ತನ ಹೇಳಿದರೆ ಅದನ್ನು ನಂಬಬಹುದು. ದಾಖಲೆಯಿಲ್ಲದ ಅಂಕಿಯನ್ನು ಅಲ್ಲೇ ಬಿಟ್ಟುಬನ್ನಿ.

ಪಿಸ್ಟನ್ ಎಂಜಿನ್‌ಗೆಂದು ಬರೆದ ಕೇಳುವ ಕಿಟಕಿಯನ್ನೂ, ಅಂದರೆ ಎಷ್ಟನೇ ಡಿಗ್ರಿಯಿಂದ ಎಷ್ಟನೇ ಡಿಗ್ರಿವರೆಗೆ ಇಸಿಯು ಕಿವಿಗೊಡಬೇಕು ಎಂಬುದನ್ನೂ, ಹಾಗೆಯೇ ನಕಲು ಮಾಡಬೇಡಿ. ಪಿಸ್ಟನ್‌ನ ಒಂದು ಹೊಡೆತ ಕ್ರ್ಯಾಂಕ್‌ನ 180 ಡಿಗ್ರಿ. ರೋಟರಿಯಲ್ಲಿ ಅದೇ ಹಂತ, ಕ್ರ್ಯಾಂಕ್‌ನ ಜಾಗದಲ್ಲಿರುವ ಎಕ್ಸೆಂಟ್ರಿಕ್ ಶಾಫ್ಟ್‌ನ 270 ಡಿಗ್ರಿಯಷ್ಟು ಹರಡಿಕೊಂಡಿರುತ್ತದೆ.

ಎಲ್ಲಿ ಕೂರಿಸಬೇಕು

ಒಳ್ಳೆಯ ಸೆನ್ಸರನ್ನು ತಪ್ಪು ಜಾಗದಲ್ಲಿ ಕೂರಿಸುವುದಕ್ಕಿಂತ ಸಾಧಾರಣ ಸೆನ್ಸರನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಮೇಲು. 13ಬಿ ಎಂಜಿನ್ ಒಂದೇ ಎರಕದ ಬ್ಲಾಕ್ ಅಲ್ಲ. ಅಲ್ಯೂಮಿನಿಯಂನ ಎರಡು ರೋಟರ್ ಹೌಸಿಂಗ್‌ಗಳು, ಅವುಗಳ ಮುಂದೆ, ನಡುವೆ, ಹಿಂದೆ ಎರಕದ ಕಬ್ಬಿಣದ ಪಕ್ಕದ ಹೌಸಿಂಗ್‌ಗಳು, ನಡುನಡುವೆ ನೀರಿನ ಸೀಲ್‌ಗಳು, ಇವನ್ನೆಲ್ಲ ಉದ್ದನೆಯ ಬೋಲ್ಟ್‌ಗಳು ಹಿಡಿದಿಟ್ಟಿರುತ್ತವೆ. ಪ್ರತಿ ಕೂಡಿಕೆಯಲ್ಲೂ ಕಂಪನ ಒಂದಿಷ್ಟು ಸೋರಿಹೋಗುತ್ತದೆ. ಒಂದು ಹೌಸಿಂಗ್‌ನ ಮೇಲಿರುವ ಸೆನ್ಸರ್‌ಗೆ ಪಕ್ಕದ ರೋಟರ್‌ನ ನಾಕಿಂಗ್ ಮಂದವಾಗಿ ತಲುಪುತ್ತದೆ. ಇಸಿಯುನಲ್ಲಿ ಎರಡು ಇನ್‌ಪುಟ್ ಇದ್ದರೆ ಪ್ರತಿ ರೋಟರ್ ಹೌಸಿಂಗ್‌ಗೂ ಒಂದೊಂದು ಸೆನ್ಸರ್ ಹಾಕಿ, ಜಿಪುಣತನ ಬೇಡ. ಒಂದೇ ಇದ್ದರೆ ಎರಡೂ ಹೌಸಿಂಗ್‌ಗಳನ್ನು ಒಂದೇ ಬಲದಿಂದ ತಟ್ಟಿ ಆಸಿಲೋಸ್ಕೋಪ್‌ನಲ್ಲಿ ಎತ್ತರ ಹೋಲಿಸಿ, ವ್ಯತ್ಯಾಸ ಅತಿ ಕಡಿಮೆ ಇರುವ ಜಾಗ ಹುಡುಕಿ.

ಸ್ಪಾರ್ಕ್ ಪ್ಲಗ್‌ಗಳಿರುವ ಬದಿ ಎಕ್ಸಾಸ್ಟ್‌ಗೆ ಎದುರು ಬದಿ, ಹಾಗಾಗಿ ತಾಪ ಕಡಿಮೆ, ದಹನವೂ ಹತ್ತಿರ. ತೊಂದರೆಯೆಂದರೆ ಪ್ರತಿ ರೋಟರ್‌ಗೆ ಎರಡರಂತೆ ನಾಲ್ಕು ಪ್ಲಗ್‌ಗಳ ಹೈ ವೋಲ್ಟೇಜ್ ತಂತಿಗಳೂ ಅಲ್ಲೇ ಇವೆ. ಸೆನ್ಸರ್ ತಂತಿಯನ್ನು ಅವುಗಳಿಂದ ಆದಷ್ಟು ದೂರ ಒಯ್ಯಿ, ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಿ. ಮುಂದಿನ ಕವರ್, ವಾಟರ್ ಪಂಪ್ ಮನೆ, ಇಂಟೇಕ್ ಮ್ಯಾನಿಫೋಲ್ಡ್, ಎಂಜಿನ್ ಮೌಂಟ್‌ನ ತೋಳು, ತೆಳುವಾದ ಬ್ರಾಕೆಟ್ ಇವು ಯಾವುವೂ ಬೇಡ. ಅಲ್ಲಿ ಕೇಳುವುದು ಪಂಪ್, ಬೆಲ್ಟ್, ಚಾಸಿಗಳ ಸದ್ದು.

ರೋಟರಿಗೆ ಒಂದು ಅನುಕೂಲವಿದೆ: ಅದಕ್ಕೆ ವಾಲ್ವ್‌ಗಳಿಲ್ಲ, ಅವು ಬಡಿದು ಕೂರುವ ಖಟಪಟವೂ ಇಲ್ಲ. ಹಾಗೆಂದು ಅದು ಮೌನಿಯೂ ಅಲ್ಲ. ಏಪೆಕ್ಸ್ ಸೀಲ್‌ಗಳು ಹೌಸಿಂಗ್ ಮೇಲೆ ಜಾರುತ್ತಲೇ ಕಂಪಿಸುತ್ತವೆ. 1960ರ ದಶಕದಲ್ಲಿ ಮಜ್ದಾದ ಎಂಜಿನಿಯರ್‌ಗಳಿಗೆ ನಿದ್ದೆಗೆಡಿಸಿದ್ದೂ ಇದೇ ಕಂಪನ; ಅದು ಹೌಸಿಂಗ್ ಒಳಮೈಯಲ್ಲಿ ಮೂಡಿಸುತ್ತಿದ್ದ ಸಾಲು ಗೀರುಗಳನ್ನು ಅವರು ಸೈತಾನನ ಉಗುರಿನ ಗುರುತು ಎಂದು ಕರೆಯುತ್ತಿದ್ದರು. ಸೀಲ್‌ನ ರಚನೆ, ವಸ್ತು ಎರಡನ್ನೂ ಬದಲಿಸಿದ ಮೇಲೆಯೇ 1967ರ ಕಾಸ್ಮೊ ಸ್ಪೋರ್ಟ್ ಎಂಬ ರೋಟರಿ ಕಾರು ಮಾರುಕಟ್ಟೆಗೆ ಬಂದದ್ದು. ಇಂದಿನ ಓದುಗನಿಗೆ ಇದರಿಂದ ಸಿಗುವ ವ್ಯಾವಹಾರಿಕ ಮಾಹಿತಿ ಇಷ್ಟು: ಎಂಜಿನ್ ಕಟ್ಟುವಾಗ ಬೇರೆ ಬಗೆಯ ಅಥವಾ ಬೇರೆ ದಪ್ಪದ ಏಪೆಕ್ಸ್ ಸೀಲ್ ಹಾಕಿಸಿದ್ದರೆ ಹಿನ್ನೆಲೆಯ ಗದ್ದಲವೂ ಬದಲಾಗಿರುತ್ತದೆ, ಹಳೆಯ ನಾಕ್ ಗಡಿಗಳನ್ನು ಹಾಗೇ ಮುಂದುವರಿಸುವಂತಿಲ್ಲ.

ಕೊಳ್ಳುವಾಗ, ಕೂರಿಸುವಾಗ

ನಕಲಿ ಸೆನ್ಸರ್‌ಗಳು ಎಲ್ಲೆಡೆ ಇವೆ. ಚಪ್ಪಟೆ ಬಗೆಯಲ್ಲಿ ತಳದ ಲೋಹದ ಉಂಗುರವನ್ನು ಬೆರಳಿನಿಂದ ಸವರಿ ನೋಡಿ. ಅದು ಪ್ಲಾಸ್ಟಿಕ್ ಮೈಗಿಂತ ಕೂದಲಷ್ಟು ಹೊರಗೆ ಚಾಚಿ, ನುಣುಪಾಗಿ, ಸಮತಟ್ಟಾಗಿರಬೇಕು. ಪ್ಲಾಸ್ಟಿಕ್ ಮೊದಲು ತಾಗುವಂತಿದ್ದರೆ ಕಂಪನ ಒಳಗೆ ತಲುಪುವ ದಾರಿಯೇ ಕೆಟ್ಟಿತು. ಅನುರಣನದ ಬಗೆಯ ನಕಲು ಇನ್ನೂ ಮೋಸದ್ದು. ಹೊರಗಿನ ಆಕಾರ ತದ್ರೂಪವಾಗಿದ್ದು ಒಳಗಿನ ಶ್ರುತಿ ಎಲ್ಲೋ ಇರಬಹುದು, ತಟ್ಟಿ ಅಲೆ ಅಳೆಯದೆ ಗೊತ್ತಾಗದು.

ಥ್ರೆಡ್ ಇರುವ ಸೆನ್ಸರ್‌ನ ತೂತಿಗೆ ಚಪ್ಪಟೆಯದನ್ನು ಕೂರಿಸಬೇಕಾದರೆ ನಡುವೆ ಒಂದು ಅಡಾಪ್ಟರ್ ಬೇಕು. ಥ್ರೆಡ್‌ನ ವ್ಯಾಸ, ಪಿಚ್ ಎರಡನ್ನೂ ಗೇಜ್ ಹಿಡಿದು ಅಳೆಯಿರಿ, ಕಣ್ಣಂದಾಜು ಸಾಲದು. ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ತಪ್ಪು ಪಿಚ್ ತಿರುಗಿಸಿದರೆ ಹಾಳಾಗುವುದು ಹೌಸಿಂಗ್. ಅಡಾಪ್ಟರ್ ಗಟ್ಟಿ ಲೋಹದ್ದು, ಆದಷ್ಟು ಗಿಡ್ಡ, ಅಗಲವಾದ ಸಮತಟ್ಟು ಭುಜ ಇರುವಂಥದ್ದು ಆಗಿರಲಿ. ಉದ್ದನೆಯ ಕಡ್ಡಿಯ ತುದಿಯಲ್ಲಿ ಕೂರಿಸಿದ ಸೆನ್ಸರ್ ಎಂಜಿನ್‌ಗಿಂತ ಹೆಚ್ಚಾಗಿ ಆ ಕಡ್ಡಿಯ ಕಂಪನವನ್ನೇ ವರದಿ ಮಾಡುತ್ತದೆ.

ತಾಗುವ ಎರಡೂ ಮೈಗಳು ಬರೀ ಲೋಹವಾಗಿರಬೇಕು. ಬಣ್ಣ, ತುಕ್ಕು, ಹಳೆಯ ಎಣ್ಣೆಯ ಜಿಡ್ಡು ತೆಗೆಯಿರಿ. ವಾಷರ್, ಸ್ಪ್ರಿಂಗ್ ವಾಷರ್ ಹಾಕಬೇಡಿ. ಥ್ರೆಡ್ ಬಗೆಯದಕ್ಕೆ ಸೀಲಿಂಗ್ ಟೇಪ್ ಸುತ್ತಬೇಡಿ. ಒಂದೇ ತಂತಿಯ ಸೆನ್ಸರ್‌ಗೆ ಆ ಥ್ರೆಡ್ಡೇ ಗ್ರೌಂಡ್. ಬಾಷ್‌ನ ಚಪ್ಪಟೆ ಸೆನ್ಸರ್‌ಗೆ 8 ಮಿಲಿಮೀಟರ್ ಬೋಲ್ಟ್, 20 ನ್ಯೂಟನ್ ಮೀಟರ್ ಬಿಗಿ. 5 ಹೆಚ್ಚು ಅಥವಾ 5 ಕಡಿಮೆ ಆದರೆ ನಡೆಯುತ್ತದೆ. ಉಳಿದವುಗಳಿಗೆ ಆಯಾ ಕೈಪಿಡಿಯ ಅಂಕಿ. ಇಲ್ಲಿ ಟಾರ್ಕ್ ರೆಂಚ್ ಇಲ್ಲದೆ ಕೈ ಹಾಕಬಾರದು. ಬಿಗಿ ಬದಲಾದರೆ ಸಂವೇದನೆಯೂ ಬದಲಾಗುತ್ತದೆ, ಅತಿ ಬಿಗಿದರೆ ಸೆರಾಮಿಕ್ ಬಿರಿಯುತ್ತದೆ. ಎರಡು ಸೆನ್ಸರ್ ಹಾಕುವವರು ಎರಡನ್ನೂ ಒಂದೇ ಅಂಕಿಗೆ ಬಿಗಿಯದೆ ಅವುಗಳ ಓದನ್ನು ಹೋಲಿಸಲಾಗದು.

ತಂತಿ ಶೀಲ್ಡ್ ಇರುವ ಜೋಡಿಯಾಗಿರಲಿ. ಶೀಲ್ಡನ್ನು ಇಸಿಯು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ, ಸೆನ್ಸರ್ ತುದಿಯಲ್ಲಿ ಬಿಟ್ಟುಬಿಡಿ. ಎರಡೂ ತುದಿ ಗ್ರೌಂಡ್ ಮಾಡಿದರೆ ಶೀಲ್ಡ್‌ನಲ್ಲೇ ಕರೆಂಟ್ ಹರಿದು ಗದ್ದಲ ತರುತ್ತದೆ. ಕನೆಕ್ಟರ್‌ನಿಂದ ಸ್ವಲ್ಪ ದೂರದಲ್ಲೇ ತಂತಿಯನ್ನು ಎಂಜಿನ್‌ಗೆ ಕಟ್ಟಿ, ಅದು ತೂಗಾಡಿ ಪಿನ್‌ಗಳನ್ನು ಜಗ್ಗದಂತೆ ನೋಡಿಕೊಳ್ಳಿ.

ಗಡಿ ನಿಗದಿ

ಕಾರ್ಖಾನೆಯ ಇಸಿಯು ಇರುವವರ ಕೆಲಸ ಇಲ್ಲಿಗೆ ಮುಗಿಯಿತು: ದೋಷಸಂಕೇತ ಅಳಿಸಿ, ಎಂಜಿನ್ ಬಿಸಿಯಾದ ಮೇಲೆ ಮತ್ತೆ ಬರುತ್ತದೆಯೇ ಎಂದು ನೋಡಿದರಾಯಿತು. ಸ್ವತಂತ್ರ ಇಸಿಯು ಇರುವವರು ಹೊಸ ಸೆನ್ಸರ್‌ಗೆ ಹೊಸ ಗಡಿ ಬರೆಯಲೇಬೇಕು.

ಪಿಸ್ಟನ್ ಎಂಜಿನ್‌ನ ಕೆಲವು ಟ್ಯೂನರ್‌ಗಳು ಬೇಕೆಂದೇ ಲಘುವಾಗಿ ನಾಕಿಂಗ್ ತರಿಸಿ, ಸಂಕೇತ ಎಷ್ಟು ಏರಿತೆಂದು ನೋಡಿ ಗಡಿ ಗುರುತಿಸುತ್ತಾರೆ. ಟರ್ಬೊ ರೋಟರಿಯಲ್ಲಿ ಇದನ್ನು ಯಾರಾದರೂ ಸೂಚಿಸಿದರೆ ಕೀಲಿಕೈ ಕೊಡಬೇಡಿ. ಬದಲಿಗೆ ಉತ್ತಮ ಆಕ್ಟೇನ್ ಇಂಧನ ತುಂಬಿಸಿ, ಟೈಮಿಂಗನ್ನು ಧಾರಾಳವಾಗಿ ಹಿಂದಿಟ್ಟು, ಬೂಸ್ಟ್ ಕನಿಷ್ಠಕ್ಕಿಳಿಸಿ, ನಾಕಿಂಗ್ ಆಗುವ ಸಂಭವವೇ ಇಲ್ಲದ ಸ್ಥಿತಿಯಲ್ಲಿ ಡೈನೊ (ಎಂಜಿನ್‌ನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿ. ಪ್ರತಿ 500 ಆರ್‌ಪಿಎಂ ಅಂತರದಲ್ಲಿ, ಬೇರೆ ಬೇರೆ ಭಾರದಲ್ಲಿ ಸೆನ್ಸರ್ ಏನು ಹೇಳುತ್ತದೆ ಎಂದು ದಾಖಲಿಸಿ. ಇದೇ ನಿಮ್ಮ ಎಂಜಿನ್‌ನ ಸಹಜ ಗದ್ದಲ. ಗಡಿಯನ್ನು ಅದರ ಅತ್ಯಧಿಕ ಓದಿಗಿಂತ ಸ್ವಲ್ಪವೇ ಮೇಲೆ ಇಡಿ, ಪಿಸ್ಟನ್ ಎಂಜಿನ್‌ಗೆ ಬಿಡುವಷ್ಟು ಸಡಿಲ ಬಿಡಬೇಡಿ. ಜೊತೆಗೆ ಹೆಡ್‌ಫೋನ್‌ಗೆ ಜೋಡಿಸುವ ನಾಕ್ ಆಂಪ್ಲಿಫೈಯರ್‌ನಿಂದ ಯಾರಾದರೂ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ನಾಕಿಂಗ್‌ನ ಚಟ್ ಎನ್ನುವ ಒಣ ಸದ್ದನ್ನು ಒಮ್ಮೆ ಗುರುತಿಸಿದ ಕಿವಿ ಹೀಟ್ ಶೀಲ್ಡ್‌ನ ಗಲಗಲಕ್ಕೆ ಮೋಸಹೋಗುವುದಿಲ್ಲ.

ಯಾವುದೋ ಒಂದೇ ಆರ್‌ಪಿಎಂನಲ್ಲಿ, ಭಾರ ಎಷ್ಟೇ ಇದ್ದರೂ ಅಂಕಿ ಜಿಗಿಯುತ್ತಿದ್ದರೆ ಅಲ್ಲಿ ಗಡಿ ಏರಿಸುವ ಆತುರ ಬೇಡ. ಸಡಿಲಾದ ಬ್ರಾಕೆಟ್, ಟರ್ಬೊದ ಶಾಖತಡೆ ಹಾಳೆ, ಎಸಿ ಕಂಪ್ರೆಸರ್, ಸವೆದ ಮೌಂಟ್ ಇವನ್ನು ಮೊದಲು ಬಿಗಿಮಾಡಿ. ಭಾರದೊಂದಿಗೆ ಏರುವ, ಟೈಮಿಂಗ್ 2 ಡಿಗ್ರಿ ಇಳಿಸಿದೊಡನೆ ಮಾಯವಾಗುವ ಜಿಗಿತವನ್ನು ನಾಕಿಂಗ್ ಎಂದೇ ತೀರ್ಮಾನಿಸಿ ಅಲ್ಲಿಯೇ ಓಟ ನಿಲ್ಲಿಸಿ.

ನಾಕಿಂಗ್ ಕಂಡಾಗ ಇಸಿಯು ಏನು ಮಾಡಬೇಕೆಂಬುದನ್ನೂ ಈಗಲೇ ಬರೆಯಿರಿ. ಟೈಮಿಂಗನ್ನು ಒಂದೇ ಸಲಕ್ಕೆ ಗಣನೀಯವಾಗಿ ಇಳಿಸುವುದು, ಬೂಸ್ಟ್ ಕಡಿತಗೊಳಿಸುವುದು, ಚಾಲಕನಿಗೆ ದೀಪ ತೋರಿಸುವುದು, ಮೂರೂ ಇರಲಿ. ಟೈಮಿಂಗ್ ನಿಧಾನವಾಗಿ ಮಾತ್ರ ಮರಳಲಿ. ಮುಂದೆ ಎಕ್ಸಾಸ್ಟ್, ಎಂಜಿನ್ ಮೌಂಟ್ ಅಥವಾ ಕ್ಲಚ್ ಬದಲಿಸಿದಾಗ ಸಹಜ ಗದ್ದಲವನ್ನು ಮತ್ತೊಮ್ಮೆ ದಾಖಲಿಸಿ, ಗಡಿಯ ಕೋಷ್ಟಕವನ್ನು ಅದಕ್ಕೆ ತಕ್ಕಂತೆ ತಿದ್ದಿ ಉಳಿಸಿಕೊಳ್ಳಿ.